ಆಗಸದ ಬೆಳಕು ಮತ್ತು ಕಂಡವರ ಸಾಕ್ಷ್ಯ: 1798ರ ಕಾಶಿ ಉಲ್ಕಾಪಾತದ ಹೇಳಿಕೆಗಳ ಒಂದು ಪರಿಶೀಲನೆ

ಪೀಠಿಕೆ

ಆಕಾಶದಲ್ಲಿ ಹಠಾತ್ತನೆ ಕಾಣಿಸಿಕೊಂಡು ಮರೆಯಾಗುವ ಬೆಳಕುಗಳನ್ನು ಕುರಿತ ಹೇಳಿಕೆಗಳು ಎಲ್ಲ ಕಾಲದ ಬರವಣಿಗೆಯಲ್ಲಿಯೂ ದೊರೆಯುತ್ತವೆ. ಇತಿಹಾಸಕಾರನ ಮಟ್ಟಿಗೆ ಇವು ತೊಡಕಿನ ಆಕರಗಳು. ಶಾಸನವೊಂದರ ಪಾಠದಲ್ಲಿ ಸಂದೇಹ ಉಂಟಾದರೆ ಕಲ್ಲಿನ ಬಳಿಗೆ ಮರಳಿ ಹೋಗಿ ಓದಬಹುದು. ನಾಣ್ಯವನ್ನು ಮತ್ತೊಮ್ಮೆ ತೂಗಬಹುದು. ಆದರೆ ಕ್ಷಣಕಾಲ ಬೆಳಗಿ ಮರೆಯಾದ ಬೆಳಕನ್ನು ಮರಳಿ ಪರೀಕ್ಷಿಸುವ ಅವಕಾಶ ಯಾರಿಗೂ ಇಲ್ಲ. ಉಳಿಯುವುದು ಕಂಡವರ ಮಾತು ಮಾತ್ರ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಮತ್ತು ಯಾವ ಅಂಶಕ್ಕೆ ಕೊಡಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಈ ಪ್ರಶ್ನೆಗೆ ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಒಂದು ನಿರ್ಣಾಯಕ ಉತ್ತರ ರೂಪುಗೊಂಡಿತು. ಆಕಾಶದಿಂದ ಕಲ್ಲು ಬೀಳುತ್ತದೆ ಎಂಬ ಹಳ್ಳಿಗರ ಹೇಳಿಕೆಯನ್ನು ಅಲ್ಲಗಳೆಯುತ್ತಿದ್ದ ಯುರೋಪಿನ ವಿದ್ವತ್ ಸಂಸ್ಥೆಗಳು 1794ರಿಂದ 1803ರವರೆಗಿನ ಹತ್ತು ವರ್ಷಗಳ ಅವಧಿಯಲ್ಲಿ ತಮ್ಮ ನಿಲುವನ್ನು ಬದಲಿಸಿಕೊಂಡವು. ಈ ಬದಲಾವಣೆಯಲ್ಲಿ ಕಾಶಿಯ ಸಮೀಪದ ಒಂದು ಗ್ರಾಮದ ಜನರ ಹೇಳಿಕೆಗೂ ಮಹತ್ವದ ಪಾತ್ರವಿದೆ. ಆ ಹೇಳಿಕೆಗಳು ದಾಖಲಾದ ಬಗೆಯನ್ನು ಪರಿಶೀಲಿಸುವುದು ಹಾಗೂ ಇಪ್ಪತ್ತನೆಯ ಶತಮಾನದ 'ಹಾರುವ ತಟ್ಟೆ'ಗಳ ವರದಿಗಳೊಡನೆ ಅವುಗಳನ್ನು ತುಲನೆ ಮಾಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಂಪರೆಯಲ್ಲಿ ಉಲ್ಕೆ

ಭಾರತೀಯ ಪರಂಪರೆಯಲ್ಲಿ ಆಕಾಶದಿಂದ ಬೀಳುವ ಬೆಳಕಿನ ವಿಚಾರ ಹೊಸತಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಧಿಷ್ಣ್ಯ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂಬ ಐದು ಪ್ರಕಾರಗಳನ್ನು ಅವನು ಗುರುತಿಸುತ್ತಾನೆ. ಇವುಗಳಲ್ಲಿ ಅಶನಿಯು ಮಹಾಶಬ್ದದೊಡನೆ ಬಿದ್ದು ನೆಲವನ್ನು ಸೀಳುತ್ತದೆ ಎಂಬ ವಿವರಣೆ ಗಮನಾರ್ಹವಾದುದು. ಅವನ ಆಸಕ್ತಿ ಇರುವುದು ಶಕುನದ ಫಲದಲ್ಲಿಯೇ ಆದರೂ ಬೆಳಕು, ಶಬ್ದ ಮತ್ತು ಪತನ ಈ ಮೂರನ್ನೂ ಒಂದೇ ಘಟನೆಯ ಅಂಗಗಳಾಗಿ ಕಾಣುವ ದೃಷ್ಟಿ ಅಲ್ಲಿದೆ. ಉಲ್ಕಾ ಎಂಬ ಸಂಸ್ಕೃತ ಶಬ್ದಕ್ಕೆ ಕೊಳ್ಳಿ ಎಂಬುದೇ ಮೂಲಾರ್ಥ. ಕನ್ನಡದ ಜನಪದರು ಕತ್ತಲೆಯಲ್ಲಿ ಕಾಣುವ ಅಲೆದಾಡುವ ಬೆಳಕನ್ನು 'ಕೊಳ್ಳಿದೆವ್ವ' ಎಂದು ಕರೆದಿರುವುದನ್ನೂ ಇಲ್ಲಿ ನೆನೆಯಬಹುದು. ಗುರುತು ಸಿಗದ ಬೆಳಕಿಗೆ ಗುರುತಿರುವ ವಸ್ತುವಿನ ಹೆಸರನ್ನಿಡುವುದು ಮನುಷ್ಯನ ಸಹಜ ಪ್ರವೃತ್ತಿ. ಮುಂದೆ ಅಮೆರಿಕದಲ್ಲಿ 'ತಟ್ಟೆ' ಎಂಬ ಹೆಸರು ಹುಟ್ಟಿದ್ದೂ ಇದೇ ಪ್ರವೃತ್ತಿಯಿಂದ.

ವಿದ್ವತ್ ಸಂಸ್ಥೆಗಳ ನಿರಾಕರಣೆ

1768ರ ಸೆಪ್ಟೆಂಬರ್ 13ರಂದು ಫ್ರಾನ್ಸಿನ ಲ್ಯೂಸೆ ಎಂಬಲ್ಲಿ ಗುಡುಗಿನಂತಹ ಶಬ್ದದೊಡನೆ ಕಲ್ಲೊಂದು ಬಿದ್ದಿತು. ಅದರ ತುಣುಕನ್ನು ಪಾದ್ರಿಯೊಬ್ಬರು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದರು. ಫೂಜರೂ, ಕಾದೆ ಮತ್ತು ಲವಾಸಿಯೇ ಇವರನ್ನೊಳಗೊಂಡ ಸಮಿತಿಯು ಅದನ್ನು ವಿಶ್ಲೇಷಿಸಿ, ಅದು ಭೂಮಿಯ ಮೇಲೆಯೇ ಇದ್ದ, ಸಿಡಿಲು ಬಡಿದ ಗಂಧಕಯುಕ್ತ ಕಲ್ಲು ಎಂದು ತೀರ್ಮಾನಿಸಿತು. ಆಧುನಿಕ ರಸಾಯನಶಾಸ್ತ್ರದ ಜನಕನೆನಿಸಿದ ಲವಾಸಿಯೇ ಈ ಸಮಿತಿಯಲ್ಲಿದ್ದನೆಂಬುದು ಗಮನಿಸಬೇಕಾದ ಸಂಗತಿ. ಅವನ ವಿಶ್ಲೇಷಣೆ ಅಂದಿನ ಮಟ್ಟಕ್ಕೆ ನಿರ್ಲಕ್ಷ್ಯದ್ದಾಗಿರಲಿಲ್ಲ. ಆದರೆ ಹೋಲಿಸಿ ನೋಡಲು ಅದೇ ಬಗೆಯ ಬೇರೆ ಕಲ್ಲುಗಳು ಸಮಿತಿಯ ಮುಂದೆ ಸಾಕಷ್ಟು ಇರಲಿಲ್ಲ. ಆಕಾಶದಲ್ಲಿ ಕಲ್ಲುಗಳಿಲ್ಲ ಎಂಬ ಪೂರ್ವನಿಶ್ಚಯವೂ ಜೊತೆಗಿತ್ತು.

1790ರ ಜುಲೈ 24ರಂದು ನೈಋತ್ಯ ಫ್ರಾನ್ಸಿನ ಬಾರ್ಬೊತಾಂ ಪ್ರದೇಶದಲ್ಲಿ ಕಲ್ಲುಗಳು ಬಿದ್ದಾಗ ಅಲ್ಲಿಯ ಪುರಾಧ್ಯಕ್ಷನು ಸುಮಾರು ಮುನ್ನೂರು ಜನರ ಸಹಿಯೊಡನೆ ಹೇಳಿಕೆಯೊಂದನ್ನು ಸಿದ್ಧಪಡಿಸಿದನು. ಅದನ್ನು ಓದಿದ ಭೌತವಿಜ್ಞಾನಿ ಬರ್ತೊಲಾಂ, ಇಡೀ ಪುರಸಭೆಯೊಂದು ಇಂತಹ ಜನಜನಿತ ಕಥೆಗೆ ಅಧಿಕೃತ ಮುದ್ರೆಯೊತ್ತಿದ್ದನ್ನು ಕಂಡು ಮರುಕಪಟ್ಟನು. ಮುನ್ನೂರು ಸಹಿಗಳೂ ಸಾಲದಾದುವು. ಸಾಕ್ಷಿಗಳ ಸಂಖ್ಯೆಯೊಂದೇ ಒಂದು ಸಂಗತಿಯನ್ನು ಸ್ಥಾಪಿಸಲಾರದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಸಾಕ್ಷಿಗಳನ್ನು ಕೀಳಾಗಿ ಕಾಣುವುದರಿಂದ ಸತ್ಯವೊಂದು ಕೈತಪ್ಪಬಹುದು ಎಂಬುದಕ್ಕೂ ಇದೇ ನಿದರ್ಶನ.

ಈ ನಿಲುವನ್ನು ಮೊದಲು ಪ್ರಶ್ನಿಸಿದವನು ಜರ್ಮನಿಯ ಕ್ಲಾಡ್ನಿ. ಧ್ವನಿವಿಜ್ಞಾನದಲ್ಲಿ ಪ್ರಸಿದ್ಧನಾದ ಈತನು ಕಾನೂನನ್ನೂ ವ್ಯಾಸಂಗ ಮಾಡಿದ್ದನು. ಗಟಿಂಗೆನ್ನಿನ ಗ್ರಂಥಾಲಯದಲ್ಲಿ ಕುಳಿತು ಹಿಂದಿನ ಅಗ್ನಿಗೋಲಗಳ ಹಾಗೂ ಶಿಲಾಪತನಗಳ ವರದಿಗಳನ್ನು ಸಂಗ್ರಹಿಸಿ 1794ರಲ್ಲಿ ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದನು. ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ದೇಶ-ಕಾಲಗಳ ಸಾಮಾನ್ಯ ಜನರು ಒಂದೇ ಬಗೆಯ ವಿವರಗಳನ್ನು ಹೇಳುತ್ತಿರುವಾಗ ಅವರೆಲ್ಲರೂ ಒಂದೇ ರೀತಿ ಭ್ರಮೆಗೊಂಡರೆನ್ನುವುದು ಯುಕ್ತವಲ್ಲ ಎಂಬುದು ಅವನ ವಾದದ ತಿರುಳು. ಅಗ್ನಿಗೋಲಗಳೂ ಬೀಳುವ ಕಲ್ಲುಗಳೂ ಒಂದೇ ವಿದ್ಯಮಾನವೆಂದೂ ಅವು ಭೂಮಿಯ ಆಚೆಯ ಅವಕಾಶದಿಂದ ಬರುವುವೆಂದೂ ಅವನು ಪ್ರತಿಪಾದಿಸಿದನು. ಸಮಕಾಲೀನರಲ್ಲಿ ಬಹಳ ಮಂದಿ ಅದನ್ನು ಒಪ್ಪಲಿಲ್ಲ. ಅದೇ ವರ್ಷದ ಜೂನ್ 16ರಂದು ಇಟಲಿಯ ಸಿಯೆನಾ ಬಳಿ ಕಲ್ಲುಗಳು ಬಿದ್ದುವು. ಅದಕ್ಕೆ ಹಿಂದಿನ ದಿನವಷ್ಟೇ ವೆಸೂವಿಯಸ್ ಜ್ವಾಲಾಮುಖಿ ಬಾಯ್ದೆರೆದಿದ್ದುದರಿಂದ ಅಲ್ಲಿಯ ಕಲ್ಲುಗಳು ಜ್ವಾಲಾಮುಖಿಯವೇ ಇರಬೇಕೆಂಬ ಸಂದೇಹ ಉಳಿಯಿತು. 1795ರ ಡಿಸೆಂಬರ್ 13ರಂದು ಇಂಗ್ಲೆಂಡಿನ ಯಾರ್ಕ್‌ಷೈರಿನ ವೋಲ್ಡ್ ಕಾಟೇಜ್ ಎಂಬಲ್ಲಿ ಸುಮಾರು 25 ಕಿಲೋಗ್ರಾಂ ತೂಕದ ಕಲ್ಲು ಬಿದ್ದು ಚರ್ಚೆ ಮುಂದುವರಿಯಿತು.

ಕ್ರಾಖುತ್ ಗ್ರಾಮದ ಘಟನೆ

1798ರ ಡಿಸೆಂಬರ್ 19ರ ರಾತ್ರಿ ಸುಮಾರು ಎಂಟು ಗಂಟೆಗೆ ಕಾಶಿ ಹಾಗೂ ಅದರ ಸುತ್ತಲಿನ ಪ್ರದೇಶದಲ್ಲಿ ಆಕಾಶದಲ್ಲಿ ಒಂದು ಪ್ರಖರ ಬೆಳಕು ಕಂಡಿತು. ಗೋಮತಿ ನದಿಯ ಉತ್ತರಕ್ಕೆ, ಕಾಶಿಯಿಂದ ಸುಮಾರು 14 ಮೈಲಿ ದೂರದಲ್ಲಿರುವ, ಇಂಗ್ಲಿಷ್ ದಾಖಲೆಗಳಲ್ಲಿ ಕ್ರಾಖುತ್ ಎಂದು ಕರೆಯಲಾಗಿರುವ ಗ್ರಾಮದ ಬಳಿ ಕಲ್ಲುಗಳು ಬಿದ್ದುವು. ಇದರ ವಿವರಗಳನ್ನು ಸಂಗ್ರಹಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದವನು ಆ ಸಂಸ್ಥೆಯ ಸದಸ್ಯನೂ ಆಗಿದ್ದ ಜಾನ್ ಲಾಯ್ಡ್ ವಿಲಿಯಮ್ಸ್.

ವಿಲಿಯಮ್ಸನ ವರದಿಯಲ್ಲಿ ನಾಲ್ಕು ಬಗೆಯ ಸಾಕ್ಷ್ಯಗಳು ಕಂಡುಬರುತ್ತವೆ. ಮೊದಲನೆಯದು, ದೂರದಿಂದ ಬೆಳಕನ್ನು ಕಂಡವರದು. ಘಟನೆಯ ಸ್ಥಳಕ್ಕೆ ಸುಮಾರು 12 ಮೈಲಿ ದೂರದ ಜೌನ್‌ಪುರದ ನೆರೆಯಲ್ಲಿದ್ದ ಯುರೋಪಿಯನ್ನರು ಬೆಂಕಿಯ ದೊಡ್ಡ ಚೆಂಡೊಂದನ್ನು ಕಂಡರು. ಬಂದೂಕುಗಳನ್ನು ಸಾಲಾಗಿ, ಆದರೆ ಒಂದೇ ಲಯದಲ್ಲಿ ಅಲ್ಲದೆ, ಹಾರಿಸಿದಂತಹ ಸದ್ದನ್ನು ಕೇಳಿದರು. ಕಾಶಿಯ ನ್ಯಾಯಾಧೀಶನಾಗಿದ್ದ ಸ್ಯಾಮ್ಯುಯೆಲ್ ಡೇವಿಸ್ ಮನೆಯೊಳಗಿದ್ದನು. ಅವನು ಆಕಾಶದತ್ತ ನೋಡಿರಲಿಲ್ಲ. ಗಾಜಿನ ಕಿಟಕಿಯ ಮೂಲಕ ಒಳಬಂದ ಬೆಳಕಿನಿಂದ ಕಿಟಕಿಯ ಪಟ್ಟಿಗಳ ನೆರಳು ಕಪ್ಪು ಬಣ್ಣದ ಜಮಖಾನೆಯ ಮೇಲೆ ಸ್ಪಷ್ಟವಾಗಿ ಮೂಡಿದ್ದನ್ನು ಅವನು ಕಂಡನು. ಆ ಬೆಳಕು ಅತ್ಯಂತ ಉಜ್ವಲವಾದ ಬೆಳದಿಂಗಳಿನಷ್ಟಿತ್ತೆಂದು ಅವನು ಹೇಳಿದನು. ಬೆಳಕು 'ಬಹಳ ದೊಡ್ಡದಾಗಿತ್ತು' ಎನ್ನುವ ಹೇಳಿಕೆಗಿಂತ 'ಕಪ್ಪು ಜಮಖಾನೆಯ ಮೇಲೆ ನೆರಳು ಬಿದ್ದಿತು' ಎಂಬ ಹೇಳಿಕೆ ಎಷ್ಟು ಹೆಚ್ಚು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಮೊದಲನೆಯದು ಅನಿಸಿಕೆ, ಎರಡನೆಯದು ಅಳತೆಗೆ ಸಮೀಪವಾದ ಅವಲೋಕನೆ. ಡೇವಿಸನು ಸೂರ್ಯಸಿದ್ಧಾಂತದ ಆಧಾರದಿಂದ ಹಿಂದೂ ಜ್ಯೋತಿರ್ಗಣಿತವನ್ನು ಕುರಿತು ಬರೆದ ಲೇಖನವು 1790ರಲ್ಲಿ ಏಷ್ಯಾಟಿಕ್ ರಿಸರ್ಚಸ್ ಸಂಪುಟದಲ್ಲಿ ಪ್ರಕಟವಾಗಿತ್ತೆಂಬುದನ್ನು ಸ್ಮರಿಸಿದರೆ ಈ ಎಚ್ಚರ ಅವನಲ್ಲಿ ಹೇಗೆ ಬಂದಿತೆಂಬುದು ತಿಳಿಯುತ್ತದೆ.

ಎರಡನೆಯದು ಗ್ರಾಮಸ್ಥರ ಸಾಕ್ಷ್ಯ. ಕಲ್ಲು ಬಿದ್ದ ಸುದ್ದಿ ಕಾಶಿಗೆ ತಲುಪಿದಾಗ ಡೇವಿಸನು ವಿವೇಕಿಯಾದ ಒಬ್ಬನನ್ನು ಆ ಗ್ರಾಮಕ್ಕೆ ಕಳುಹಿಸಿದನು. ತಾವು ಮನೆ ಸೇರಿದ ಮೇಲೆ ಆಕಾಶದಿಂದ ಬಂದಂತಹ ಬೆಳಕನ್ನು ಕಂಡೆವೆಂದೂ, ಗುಡುಗಿನಂತಹ ಭಾರೀ ಶಬ್ದವನ್ನು ಕೇಳಿದೆವೆಂದೂ, ಅದರ ಹಿಂದೆಯೇ ಭಾರವಾದ ವಸ್ತುಗಳು ಬಿದ್ದ ಸದ್ದಾಯಿತೆಂದೂ ಗ್ರಾಮಸ್ಥರು ಹೇಳಿದರು. ಇದರಲ್ಲಿ ದೇವತೆಗಳ ಕೈವಾಡ ಇರಬಹುದೆಂಬ ಶಂಕೆಯಿಂದ ಅವರು ರಾತ್ರಿ ಹೊರಗೆ ಬರಲಿಲ್ಲ. ಬೆಳಗ್ಗೆ ಹೊಲಗಳಲ್ಲಿ ಅಲ್ಲಲ್ಲಿ ಮಣ್ಣು ಮೇಲೆದ್ದಿದ್ದನ್ನು ನೋಡಿ ಅಗೆದಾಗ ಕಲ್ಲುಗಳು ಸಿಕ್ಕಿದುವು. ಕೆಲವನ್ನು ಅವರು ಒಡೆದಿದ್ದರು. ಕೆಲವನ್ನು ತಹಸೀಲ್ದಾರನಿಗೂ ಇತರರಿಗೂ ಕೊಟ್ಟಿದ್ದರು. ಪೈರು ಇನ್ನೂ ಎರಡು ಮೂರು ಅಂಗುಲ ಮಾತ್ರ ಬೆಳೆದಿದ್ದುದರಿಂದ ಹೊಸದಾಗಿ ಎದ್ದ ಮಣ್ಣನ್ನು ಗುರುತಿಸುವುದು ಸುಲಭವೆಂದು ಅವರೇ ದಾರಿ ತೋರಿಸಿದರು. ಹೋದವನಿಗೆ ನಾಲ್ಕು ಕಲ್ಲುಗಳು ದೊರೆತುವು. ಅವು ಸುಮಾರು ಆರು ಅಂಗುಲ ಆಳದಲ್ಲಿ ಹೂತಿದ್ದುವು. ಒಂದಕ್ಕೊಂದು ಸುಮಾರು ನೂರು ಗಜ ದೂರದಲ್ಲಿದ್ದುವು.

ಮೂರನೆಯದು ಕಾವಲುಗಾರನೊಬ್ಬನದು. ಅವನ ಗುಡಿಸಿಲಿನ ಮಾಡನ್ನು ತೂರಿಕೊಂಡು ಬಂದ ಕಲ್ಲು ಗಟ್ಟಿ ನೆಲದಲ್ಲಿ ಕೆಲವು ಅಂಗುಲ ಹೂತುಹೋಗಿತ್ತು. ಹೊಲದಲ್ಲಿ ದೊರೆತ ಕಲ್ಲು ಮೊದಲಿನಿಂದಲೂ ಅಲ್ಲಿಯೇ ಇತ್ತೆಂದು ಆಕ್ಷೇಪಿಸಬಹುದು. ಮಾಡಿನ ತೂತಿನ ಕೆಳಗೆ ದೊರೆತ ಕಲ್ಲಿನ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ.

ನಾಲ್ಕನೆಯದು ಆಡಳಿತದ ದಾಖಲೆ. ಜಿಲ್ಲೆಯ ಕಲೆಕ್ಟರನ ಸಹಾಯಕನಾಗಿದ್ದ ಅರ್ಸ್ಕಿನ್ ಎಂಬಾತನು ಡೇವಿಸನಂತೆಯೇ ಪ್ರತ್ಯೇಕವಾಗಿ ತನ್ನ ಕಡೆಯ ಮನುಷ್ಯನನ್ನು ಕಳುಹಿಸಿದನು. ಅವನೂ ಕಲ್ಲುಗಳನ್ನು ತಂದನು. ಹಿಂದಿನವನ ವರದಿಯನ್ನೇ ಹೋಲುವ ವರದಿಯನ್ನು ಒಪ್ಪಿಸಿದನು. ಜೊತೆಗೆ ಅಲ್ಲಿಯ ಖಾಜಿಯು ತನ್ನ ರುಜು ಮತ್ತು ಮೊಹರಿನೊಡನೆ ಇದನ್ನು ದೃಢೀಕರಿಸಿದ ಪತ್ರವನ್ನೂ ತಂದನು. ನಮ್ಮ ಕಡತಗಳಲ್ಲಿ ಪರಿಚಿತವಾಗಿರುವ ಮಹಜರಿನ ಮಾದರಿಯ ದಾಖಲೆ ಇದೆಂದು ಹೇಳಬಹುದು. ಮೈಸೂರು ಸೀಮೆಯಲ್ಲಿ ಕರ್ನಲ್ ಮೆಕೆಂಝಿಯ ಸರ್ವೇಕ್ಷಣೆ ಆರಂಭವಾಗಿ, ಗ್ರಾಮ ಗ್ರಾಮಗಳ ಹೇಳಿಕೆಗಳು ಕೈಫಿಯತ್ತುಗಳ ರೂಪದಲ್ಲಿ ಸೇರತೊಡಗಿದ್ದೂ ಇದಕ್ಕೆ ಸಮೀಪದ ವರ್ಷಗಳಲ್ಲಿಯೇ.

ಇವೆಲ್ಲದರ ಜೊತೆಗೆ ವಿಲಿಯಮ್ಸನು ಎರಡು ನಕಾರಾತ್ಮಕ ಸಂಗತಿಗಳನ್ನೂ ದಾಖಲಿಸಿದನು. ಡಿಸೆಂಬರ್ 11ರಿಂದಲೂ ಆಕಾಶದಲ್ಲಿ ಒಂದು ಮೋಡದ ಸುಳಿವೂ ಇರಲಿಲ್ಲ. ಆದ್ದರಿಂದ ಸಿಡಿಲಿನ ವಿವರಣೆ ಸಲ್ಲದು. ಆ ಪ್ರದೇಶದ ಆಸುಪಾಸಿನಲ್ಲೆಲ್ಲೂ ಜ್ವಾಲಾಮುಖಿ ಇರಲಿಲ್ಲ. ಆದ್ದರಿಂದ ಸಿಯೆನಾ ಕಲ್ಲುಗಳ ವಿಷಯದಲ್ಲಿ ಎದ್ದ ಸಂದೇಹವೂ ಇಲ್ಲಿ ಸಲ್ಲದು. ಲ್ಯೂಸೆ ಹಾಗೂ ಸಿಯೆನಾ ಪ್ರಕರಣಗಳನ್ನು ಬಗೆಹರಿಯದಂತೆ ಮಾಡಿದ್ದ ಎರಡೂ ಪರ್ಯಾಯ ವಿವರಣೆಗಳು ಕಾಶಿಯ ನಿರ್ಮಲ ಆಕಾಶದಲ್ಲಿ ನಿರಾಧಾರವಾದುವು. ಕಾಶಿಯ ವರದಿಗೆ ವಿಶೇಷ ತೂಕ ಬಂದುದು ಈ ಕಾರಣದಿಂದ. ಇಷ್ಟು ವಿಚಾರಣೆಯ ಕೇಂದ್ರದಲ್ಲಿದ್ದ ಡೇವಿಸನು ಉಲ್ಕಾಪಾತವಾದ ನಾಲ್ಕು ವಾರಗಳೊಳಗೆ, 1799ರ ಜನವರಿ 14ರಂದು, ವಜೀರ್ ಅಲಿಯ ದಂಗೆಯಲ್ಲಿ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಪ್ರಾಣ ಉಳಿಸಿಕೊಳ್ಳಬೇಕಾಯಿತು. ಅಂತಹ ಕ್ಷೋಭೆಯ ಕಾಲದ ಹೇಳಿಕೆಗಳು ನಷ್ಟವಾಗದೆ ಉಳಿದುದು ಇತಿಹಾಸದ ಭಾಗ್ಯವೆನ್ನಬೇಕು.

ಪ್ರಯೋಗಾಲಯದ ಸಾಕ್ಷ್ಯ

ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನು ತನಗೆ ದೊರೆತ ಕಲ್ಲುಗಳನ್ನು ತರುಣ ರಸಾಯನಜ್ಞ ಎಡ್ವರ್ಡ್ ಹೋವರ್ಡನಿಗೆ ಒಪ್ಪಿಸಿದನು. ಹೋವರ್ಡನು ಕಾಶಿ, ಸಿಯೆನಾ, ವೋಲ್ಡ್ ಕಾಟೇಜ್ ಮತ್ತು ಬೊಹೀಮಿಯಾದ ತಾಬೊರ್ ಈ ನಾಲ್ಕು ಸ್ಥಳಗಳ ಕಲ್ಲುಗಳನ್ನು ವಿಶ್ಲೇಷಿಸಿ 1802ರಲ್ಲಿ ಪ್ರಬಂಧವನ್ನು ಮಂಡಿಸಿದನು. ಫ್ರಾನ್ಸಿನಿಂದ ವಲಸೆ ಬಂದಿದ್ದ ಖನಿಜಶಾಸ್ತ್ರಜ್ಞ ಬೂರ್ನೊನನು ಆ ಕಲ್ಲುಗಳ ಘಟಕಗಳನ್ನು ಬೇರ್ಪಡಿಸಿಕೊಟ್ಟಿದ್ದನು. ಅವು ನಾಲ್ಕು: ದುಂಡನೆಯ ಸಣ್ಣ ಗುಳಿಗೆಗಳು, ಗಂಧಕಯುಕ್ತ ಕಬ್ಬಿಣದ ಖನಿಜ, ಲೋಹರೂಪದ ಕಬ್ಬಿಣದ ಕಣಗಳು ಮತ್ತು ಇವನ್ನೆಲ್ಲ ಹಿಡಿದಿಟ್ಟ ಮಣ್ಣಿನಂತಹ ಪದಾರ್ಥ. ಲೋಹದ ಕಣಗಳಲ್ಲಿ ನಿಕ್ಕಲ್ ಇರುವುದನ್ನು ಹೋವರ್ಡನು ತೋರಿಸಿಕೊಟ್ಟನು. ಸಾವಿರಾರು ಮೈಲಿಗಳ ಅಂತರದಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಬಿದ್ದ ಕಲ್ಲುಗಳು ಒಂದನ್ನೊಂದು ಹೋಲುತ್ತಿದ್ದುವು. ಅವು ಬಿದ್ದ ಊರುಗಳ ಕಲ್ಲುಗಳನ್ನು ಹೋಲುತ್ತಿರಲಿಲ್ಲ. ಬೂರ್ನೊನನು ಕಾಶಿಯ ಕಲ್ಲಿನಲ್ಲಿ ವರ್ಣಿಸಿದ ಆ ಗುಳಿಗೆಗಳೇ ಮುಂದೆ ಕಾಂಡ್ರೂಲ್ ಎಂಬ ಹೆಸರು ಪಡೆದುವು. ಸೌರಮಂಡಲದ ಅತ್ಯಂತ ಪ್ರಾಚೀನ ಘನಪದಾರ್ಥಗಳಲ್ಲಿ ಅವು ಸೇರಿವೆಯೆಂದು ಇಂದು ತಿಳಿದಿದೆ.

ಮಾರನೆಯ ವರ್ಷ, 1803ರ ಏಪ್ರಿಲ್ 26ರಂದು, ಫ್ರಾನ್ಸಿನ ನಾರ್ಮಂಡಿಯ ಲೆಗ್ಲ್ ಬಳಿ ಹಾಡುಹಗಲಿನಲ್ಲಿ ಎರಡು ಮೂರು ಸಾವಿರ ಕಲ್ಲುಗಳು ಉದುರಿದುವು. ಒಳಾಡಳಿತ ಸಚಿವ ಶಾಪ್ತಾಲನ ಆದೇಶದಂತೆ ಇಪ್ಪತ್ತೊಂಬತ್ತು ವರ್ಷದ ಬಿಯೋ ತನಿಖೆಗೆ ಹೋದನು. ಅವನು ನೇರವಾಗಿ ಲೆಗ್ಲ್‌ಗೆ ಹೋಗದೆ ದೂರದ ಆಲಾಂಸೋಂ ಪಟ್ಟಣದಿಂದ ವಿಚಾರಣೆಯನ್ನು ಆರಂಭಿಸಿ ಹಂತಹಂತವಾಗಿ ಕೇಂದ್ರವನ್ನು ಸಮೀಪಿಸಿದನು. ಸಾಕ್ಷ್ಯಗಳನ್ನು 'ಭೌತಿಕ' ಮತ್ತು 'ನೈತಿಕ' ಎಂದು ವಿಂಗಡಿಸಿದನು. ಆ ಪ್ರದೇಶದ ಖನಿಜ ಸಂಗ್ರಹಗಳಲ್ಲಾಗಲಿ ಕುಲುಮೆಗಳ ಕಿಟ್ಟದಲ್ಲಾಗಲಿ ಅಂತಹ ಕಲ್ಲು ಇಲ್ಲವೆಂಬುದು ಮೊದಲನೆಯ ಬಗೆ. ಬೇರೆ ಬೇರೆ ವೃತ್ತಿ ಹಾಗೂ ಅಂತಸ್ತಿನ, ಸುಳ್ಳು ಹೇಳಿ ಪಡೆಯುವುದೇನೂ ಇಲ್ಲದ ಜನರ ಏಕರೂಪದ ಮಾತು ಎರಡನೆಯ ಬಗೆ. ಕಲ್ಲುಗಳು ಬಿದ್ದ ಪ್ರದೇಶವು ಸುಮಾರು 10 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಅಂಡಾಕಾರದ್ದೆಂದು ಅವನು ನಕ್ಷೆಯಲ್ಲಿ ಗುರುತಿಸಿದನು. ಅತಿ ಭಾರದ ಕಲ್ಲುಗಳು ಅದರ ಒಂದು ತುದಿಯಲ್ಲಿದ್ದುವು. ಇಂತಹ ಕ್ರಮವನ್ನು ಯಾವ ಹಳ್ಳಿಗನೂ ಕಲ್ಪಿಸಿ ಹೇಳುವಂತಿರಲಿಲ್ಲ. ಒಬ್ಬೊಬ್ಬನೂ ತನ್ನ ಹೊಲದ ಸಂಗತಿಯನ್ನಷ್ಟೇ ಬಲ್ಲವನು. ಬಿಡಿ ಹೇಳಿಕೆಗಳು ಕೂಡಿದಾಗ ಹೇಳಿದವರಾರಿಗೂ ತಿಳಿಯದಿದ್ದ ವಿನ್ಯಾಸವೊಂದು ಹೊರಬಂದಿತು. ಸಾಕ್ಷ್ಯದ ಪ್ರಾಮಾಣ್ಯಕ್ಕೆ ಇದಕ್ಕಿಂತ ಬಲವಾದ ಪರೀಕ್ಷೆ ವಿರಳ.

ಆದರೆ ಒಂದು ಎಚ್ಚರ ಅಗತ್ಯ. ಬಿಯೋ ಕಲ್ಲು ಬಿದ್ದ ಸಂಗತಿಯನ್ನು ಸ್ಥಾಪಿಸಿದನೇ ಹೊರತು ಅವುಗಳ ಮೂಲವನ್ನಲ್ಲ. ಅವು ಚಂದ್ರನ ಜ್ವಾಲಾಮುಖಿಗಳಿಂದ ಚಿಮ್ಮಿದವೆಂಬ ಲಾಪ್ಲಾಸನ ಊಹೆಗೆ ಅವನು ಒಲಿದಿದ್ದನು. ಆ ಊಹೆ ಮುಂದೆ ಬಿದ್ದುಹೋಯಿತು; ಕಲ್ಲು ಬಿದ್ದ ಸಂಗತಿ ಉಳಿಯಿತು. ಕಂಡದ್ದನ್ನೂ ಕಂಡದ್ದರ ವಿವರಣೆಯನ್ನೂ ಬೇರೆ ಬೇರೆಯಾಗಿ ತೂಗಬೇಕೆಂಬ ನಿಯಮ ಇಲ್ಲಿ ಸ್ಪಷ್ಟವಾಗುತ್ತದೆ. ಮುಂದಿನ ಕಾಲದಲ್ಲಿ ಇಂತಹ ಘಟನೆಗಳು ಸಂಶಯವಿಲ್ಲದೆ ದಾಖಲಾದುವು. 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯ ಮದ್ದೂರಿನ ಬಳಿಯೂ 1866ರ ಏಪ್ರಿಲ್‌ನಲ್ಲಿ ಉಡುಪಿಯ ಬಳಿಯೂ ಬಿದ್ದ ಉಲ್ಕಾಶಿಲೆಗಳು ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಗಳಲ್ಲಿ ಆ ಊರುಗಳ ಹೆಸರಿನಿಂದಲೇ ಸೇರಿವೆ.

ಇಪ್ಪತ್ತನೆಯ ಶತಮಾನದ ವರದಿಗಳು

1947ರ ಜೂನ್ 24ರಂದು ಅಮೆರಿಕದ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡನು. ರೇನಿಯರ್ ಮತ್ತು ಆಡಮ್ಸ್ ಪರ್ವತಗಳ ನಡುವಣ ದೂರವನ್ನು ಅವು 102 ಸೆಕೆಂಡುಗಳಲ್ಲಿ ಕ್ರಮಿಸಿದುವೆಂದು ಗಡಿಯಾರದಿಂದ ಅಳೆದು ಗಂಟೆಗೆ ಸಾವಿರ ಮೈಲಿಗೂ ಮೀರಿದ ವೇಗವನ್ನು ಲೆಕ್ಕ ಹಾಕಿದನು. ನೀರಿನ ಮೇಲೆ ಚಿಮ್ಮಿದ ತಟ್ಟೆಯಂತೆ ಅವು ಚಲಿಸುತ್ತಿದ್ದುವೆಂಬ ಅರ್ಥದ ಅವನ ಮಾತು ಪತ್ರಿಕೆಗಳಲ್ಲಿ 'ಹಾರುವ ತಟ್ಟೆ'ಯಾಯಿತು. ಕಾಲದ ಅಳತೆ ಇಲ್ಲಿ ನಂಬಲರ್ಹವಾದುದು. ಆದರೆ ವೇಗವು ದೂರವನ್ನು ಅವಲಂಬಿಸಿದೆ, ದೂರವಾದರೋ ಅಂದಾಜು. ವಸ್ತುಗಳು ಹತ್ತಿರದಲ್ಲಿದ್ದಿದ್ದರೆ ಅದೇ 102 ಸೆಕೆಂಡುಗಳು ಬಹಳ ಕಡಿಮೆ ವೇಗವನ್ನು ಸೂಚಿಸುತ್ತಿದ್ದುವು. ಗಾತ್ರ ತಿಳಿಯದ ವಸ್ತುವಿನ ದೂರವನ್ನಾಗಲಿ, ದೂರ ತಿಳಿಯದ ವಸ್ತುವಿನ ಗಾತ್ರವನ್ನಾಗಲಿ ಆಕಾಶದ ಹಿನ್ನೆಲೆಯಲ್ಲಿ ಕಣ್ಣು ನಿರ್ಣಯಿಸಲಾರದು. 1783ರ ಆಗಸ್ಟ್ 18ರಂದು ಬ್ರಿಟನ್ನಿನ ಮೇಲೆ ಹಾದುಹೋದ ಅಗ್ನಿಗೋಲದ ಎತ್ತರ ಐವತ್ತು ಮೈಲಿಗೂ ಹೆಚ್ಚೆಂದು ಬ್ಲ್ಯಾಗ್ಡನ್ ತಿಳಿದುಕೊಂಡುದು ಒಬ್ಬನ ಅಂದಾಜಿನಿಂದಲ್ಲ, ಬೇರೆ ಬೇರೆ ಊರುಗಳವರು ಹೇಳಿದ ದಿಕ್ಕು ಮತ್ತು ಕೋನಗಳನ್ನು ಕೂಡಿಸಿದ್ದರಿಂದ.

ಅಮೆರಿಕದ ವಾಯುಪಡೆಯು ಇಂತಹ ವರದಿಗಳನ್ನು ಬೇರೆ ಬೇರೆ ಯೋಜನೆಗಳ ಅಡಿಯಲ್ಲಿ 1969ರವರೆಗೆ ಪರಿಶೀಲಿಸಿತು. ಅವುಗಳಲ್ಲಿ ಕೊನೆಯದಾದ 'ಬ್ಲೂ ಬುಕ್' ಯೋಜನೆ ಮುಗಿದಾಗ ಒಟ್ಟು 12,618 ವರದಿಗಳಲ್ಲಿ 701 ಗುರುತಿಸಲಾಗದೆ ಉಳಿದಿದ್ದುವು. ಈ 701ರ ಅರ್ಥವನ್ನು ಕುರಿತು ವಾದಗಳು ನಡೆದಿವೆ. ಯೋಜನೆಯ ಖಗೋಳ ಸಲಹೆಗಾರನಾಗಿದ್ದ ಹೈನೆಕ್ ಅವುಗಳಲ್ಲಿ ಅಧ್ಯಯನಯೋಗ್ಯವಾದುದು ಇದೆಯೆಂದು ವಾದಿಸಿದನು. ಕಾಂಡನ್ ನೇತೃತ್ವದ ಕೊಲರಾಡೊ ವಿಶ್ವವಿದ್ಯಾಲಯದ ತಂಡವು ಮುಂದಿನ ಅಧ್ಯಯನದಿಂದ ವಿಜ್ಞಾನಕ್ಕೆ ಲಾಭವಾಗುವ ಸಂಭವ ಕಡಿಮೆಯೆಂದಿತು. 'ಗುರುತಿಸಲಾಗಿಲ್ಲ' ಎಂಬುದು ವಸ್ತುವಿನ ಲಕ್ಷಣವಲ್ಲ, ದಾಖಲೆಯ ಸ್ಥಿತಿ ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕು.

ಭಾರತದ ಇತ್ತೀಚಿನ ನಿದರ್ಶನವೊಂದು ಈ ಮಾತನ್ನು ಸಮರ್ಥಿಸುತ್ತದೆ. 2012ರಲ್ಲಿ ಲಡಾಖಿನ ಗಡಿಯಲ್ಲಿದ್ದ ಸೈನಿಕರು ಗುರುತು ಸಿಗದ ಬೆಳಕುಗಳನ್ನು ಮತ್ತೆ ಮತ್ತೆ ಕಂಡರು. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಇಂತಹ 329 ದರ್ಶನಗಳು ದಾಖಲಾದುವೆಂದು 2013ರಲ್ಲಿ ಪತ್ರಿಕೆಗಳು ವರದಿ ಮಾಡಿದುವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ವೀಕ್ಷಣಾಲಯವನ್ನು ನಡೆಸುತ್ತಿದ್ದು, ಅದರ ವಿಜ್ಞಾನಿಗಳ ನೆರವನ್ನು ಸೈನ್ಯ ಕೋರಿತು. ಬೆಳಕುಗಳು ಕಂಡ ವೇಳೆಯನ್ನೂ ಆಕಾಶದಲ್ಲಿ ಅವುಗಳ ಸ್ಥಾನವನ್ನೂ ಗ್ರಹಗಳ ಲೆಕ್ಕಕ್ಕೆ ಹೋಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿದುಬಂದಿತು. ಆ ಚಳಿಗಾಲದಲ್ಲಿ ಗುರುಗ್ರಹವು ರಾತ್ರಿಯ ಬಹುಭಾಗ ಕಾಣುತ್ತಿತ್ತು. ಶುಕ್ರನು ಬೆಳಗಿನ ಜಾವ ಮೂಡುತ್ತಿದ್ದನು. ಎತ್ತರದ ಪ್ರದೇಶದ ತಿಳಿಯಾದ ಗಾಳಿಯಲ್ಲಿ ಅವು ಅಸಾಮಾನ್ಯವಾಗಿ ಪ್ರಖರವಾಗಿ ಕಂಡುವು. ಸೈನಿಕರು ಕಂಡದ್ದು ಸುಳ್ಳಲ್ಲ. ಅವರು ವೇಳೆ ಮತ್ತು ದಿಕ್ಕನ್ನು ಬರೆದಿಟ್ಟಿದ್ದರಿಂದಲೇ ಸಮಸ್ಯೆ ಬಗೆಹರಿಯಿತು. ಗಡಿಯಾಚೆಯಿಂದ ಯಾರೋ ಹಾರಿಬಿಟ್ಟ ವಸ್ತುಗಳೆಂಬ ಶಂಕೆಯೇ ಉಳಿದಿದ್ದರೆ ಅದರ ಪರಿಣಾಮ ಬರಿಯ ಪಾಂಡಿತ್ಯದ ವಿಷಯವಾಗಿರುತ್ತಿರಲಿಲ್ಲ.

ಉಪಸಂಹಾರ

ಹಿಂದೆ ವಿಜ್ಞಾನಿಗಳು ಬೀಳುವ ಕಲ್ಲುಗಳನ್ನು ನಿರಾಕರಿಸಿದರು, ಆದ್ದರಿಂದ ಇಂದು ಹಾರುವ ತಟ್ಟೆಗಳನ್ನು ನಿರಾಕರಿಸುವುದೂ ತಪ್ಪು ಎಂಬ ವಾದವನ್ನು ಆಗಾಗ ಮಂಡಿಸಲಾಗುತ್ತದೆ. ಮೇಲಿನ ಪರಿಶೀಲನೆಯು ಈ ವಾದವನ್ನು ಸಮರ್ಥಿಸುವುದಿಲ್ಲ. ಬಾರ್ಬೊತಾಂನ ಮುನ್ನೂರು ಸಹಿಗಳಿಂದ ಆಗದ ಕೆಲಸ ಕ್ರಾಖುತ್ ಹಾಗೂ ಲೆಗ್ಲ್‌ಗಳ ಹೇಳಿಕೆಗಳಿಂದ ಆಯಿತು. ಪರಸ್ಪರ ಸಂಪರ್ಕವಿಲ್ಲದ ವಿಚಾರಣೆಗಳು, ಪರ್ಯಾಯ ವಿವರಣೆಗಳ ಪರಿಹಾರ, ಕೈಯಲ್ಲಿ ಹಿಡಿಯಬಹುದಾದ ಕಲ್ಲು ಮತ್ತು ಅದರ ರಾಸಾಯನಿಕ ತುಲನೆ ಇವು ಅಲ್ಲಿ ಒಂದುಗೂಡಿದ್ದುವು. ಹಾರುವ ತಟ್ಟೆಗಳ ವಿಷಯದಲ್ಲಿ ಹೇಳಿಕೆಗಳು ಹೇರಳವಾಗಿವೆ. ಕಾವಲುಗಾರನ ಗುಡಿಸಿಲಿನ ಕಲ್ಲಿಗೆ ಸಮಾನವಾದ ವಸ್ತು ದೊರೆತಿಲ್ಲ.

ಸಾಕ್ಷಿಗಳನ್ನು ಹಗುರವಾಗಿ ಕಾಣುವವರಿಗೂ ಇದೇ ಇತಿಹಾಸದಲ್ಲಿ ಉತ್ತರವಿದೆ. ಕಂಡವನು ಬೆಳಕು, ವೇಳೆ, ದಿಕ್ಕು, ಶಬ್ದ, ನೆಲದ ಗುರುತು ಇವುಗಳನ್ನು ಸಾಮಾನ್ಯವಾಗಿ ನಂಬಲರ್ಹವಾಗಿ ಹೇಳಬಲ್ಲನು. ದೂರ, ಗಾತ್ರ, ವೇಗಗಳನ್ನು ಹೇಳಲಾರನು. ಈ ಭೇದವನ್ನು ಅರಿತು ಪ್ರಶ್ನಿಸುವ ಹೊಣೆ ವಿಚಾರಿಸುವವನದು. ಕ್ರಾಖುತ್‌ನ ರೈತರು ದೇವತೆಗಳ ಕೈವಾಡವನ್ನು ಶಂಕಿಸಿದರು. ಆದರೂ ಮಣ್ಣು ಎಲ್ಲಿ ಎದ್ದಿದೆಯೆಂಬುದನ್ನು ತಪ್ಪಿಲ್ಲದೆ ತೋರಿಸಿದರು. ಪ್ಯಾರಿಸಿನ ಅಕಾಡೆಮಿಗೆ ದೈವದ ಶಂಕೆ ಇರಲಿಲ್ಲ. ಆದರೂ ಅದು ಕೈಯಲ್ಲಿದ್ದ ಕಲ್ಲನ್ನು ಗುರುತಿಸಲಿಲ್ಲ. ನಮ್ಮ ಕೈಫಿಯತ್ತು, ಕಡತ ಹಾಗೂ ಮೌಖಿಕ ಪರಂಪರೆಗಳಲ್ಲಿ ಅಡಗಿರುವ ಇಂತಹ ಹೇಳಿಕೆಗಳನ್ನು ಓದುವಾಗ ನಂಬಿಕೆಯ ಭಾಗವನ್ನೂ ಅವಲೋಕನೆಯ ಭಾಗವನ್ನೂ ಪ್ರತ್ಯೇಕಿಸಿ, ಎರಡನ್ನೂ ದಾಖಲಿಸುವುದು ಸಂಶೋಧಕರ ಕರ್ತವ್ಯವಾಗಿದೆ.